ಏಳು ಕುಂಡ ಮರಳು

ಕಂಡಕ್ಟರಮ್ಮನಿಗೆ ತಾರಸಿಯ ಮೇಲೆ ಏಳು ಕುಂಡಗಳಿದ್ದವು. ಏಳರಲ್ಲೂ ಬರೀ ಮರಳು. ಎರಡು ವರ್ಷದಿಂದ ಅದಕ್ಕೆ ವಾರಕ್ಕೊಂದು ಲೋಟದಂತೆ ನೀರು ಹನಿಸುತ್ತಿದ್ದಳು. ಕಟ್ಟಡದವರು ಮೂಗು ಮುರಿದರು. ಗಂಡ "ಮರಳಿಗೂ ಬಾಯಾರಿಕೆ ಆಗುತ್ತೇನೇ?" ಎಂದು ರೇಗಿಸಿದ. ಆಕೆ ಯಾರಿಗೂ ಸೊಪ್ಪು ಹಾಕಲಿಲ್ಲ.

ಆಕೆಯ ಬಸ್ಸಿನ ಕೊನೆಯ ನಿಲ್ದಾಣದಾಚೆಗೆ ಮರಳುಗಾಡು. ಅಲ್ಲಿ ಹಳದಿ ಹೂವಿನ ಒಂದು ಜಾತಿಯ ಮುಳ್ಳುಗಿಡ, ಮೊಣಕಾಲೆತ್ತರದವು, ಹತ್ತಿಪ್ಪತ್ತು ಉಳಿದಿದ್ದವು. ಬೇರೆಲ್ಲೂ ಅದನ್ನು ಕಂಡವರು ಆಕೆಗೆ ಸಿಕ್ಕಿರಲಿಲ್ಲ. ಡಿಪೋ ಕಟ್ಟಲು ಬುಲ್ಡೋಜರ್ ಬಂದ ದಿನ, ಅದು ಆ ತುದಿಗೆ ಹೋಗಿ ತಿರುಗಿ ಬರುವಷ್ಟರಲ್ಲಿ, ಟಿಕೆಟ್ ಚೀಲಕ್ಕೆ ಒಂದು ಹಿಡಿ ಬೀಜ, ಹನ್ನೆರಡು ಕಡ್ಡಿ ತುಂಬಿಕೊಂಡು ಬಂದಿದ್ದಳು.

ಕಡ್ಡಿಗಳನ್ನು ವಾರಗಟ್ಟಲೆ ನೆರಳಲ್ಲಿ ಒಣಗಿಸಿ ನೆಟ್ಟಳು. ಆಕೆ ಡ್ಯೂಟಿಗೆ ಹೋದಾಗ ಅತ್ತೆ "ಪಾಪ, ಬಾಡಿವೆ" ಎಂದು ದಿನಾ ನೀರು ಸುರಿದಳು. ಹನ್ನೆರಡೂ ಕೊಳೆತವು. ಬೀಜಗಳನ್ನು ಉಪ್ಪುಕಾಗದಕ್ಕೆ ಉಜ್ಜಿ, ಬಿಸಿನೀರಲ್ಲಿ ನೆನೆಸಿ ಏಳು ಕುಂಡಗಳಲ್ಲಿ ಬಿತ್ತಿದಳು. ಅವು ಜಪ್ಪಯ್ಯ ಅಂದರೂ ಮೇಲೇಳಲಿಲ್ಲ.

ಹಾಗಂತ ಸತ್ತಿರಲಿಲ್ಲ. ಆರು ತಿಂಗಳಿಗೊಮ್ಮೆ ಆಕೆ ಒಂದನ್ನು ಕೆದಕಿ ತೆಗೆದು ಬ್ಲೇಡಿನಿಂದ ಸೀಳಿ ನೋಡುತ್ತಿದ್ದಳು. ಒಳಗೆ ಬೆಳ್ಳಗೆ, ಗಟ್ಟಿಯಾಗಿತ್ತು. ಒಂದು ಮಳೆಯನ್ನು ನಂಬಿ ಎದ್ದು ಬಿಸಿಲಿಗೆ ಬಲಿಯಾಗುವ ಜಾತಿಯಲ್ಲ ಅದು. ಅದರ ಹಠ ಆಕೆಗೆ ಬಲು ಇಷ್ಟ.

ಅಷ್ಟರಲ್ಲಿ ಕಟ್ಟಡದ ಸೆಕ್ರೆಟರಿ ನೋಟೀಸು ಅಂಟಿಸಿದ. ತಾರಸಿಯಲ್ಲಿ ಗಿಡವಿರುವ ಕುಂಡ ಮಾತ್ರ ಇರಬಹುದು; ಮಣ್ಣುಮಸಿಯೆಲ್ಲ ಶುಕ್ರವಾರ ಕಸದ ಗಾಡಿಗೆ. ಆ ಬೀಜ ಕಸಕ್ಕೆ ಹೋದರೆ ಅಲ್ಲಿಗೆ ಆ ಗಿಡದ ಕಥೆ ಮುಗಿಯಿತು.

ಶುಕ್ರವಾರ ಜಗಳಕ್ಕೆ ಸಿದ್ಧಳಾಗಿಯೇ ಆಕೆ ತಾರಸಿ ಹತ್ತಿದಳು. ನೋಡಿದರೆ ಏಳು ಕುಂಡವೂ ಹಸಿರು! ಬಗ್ಗಿ ಮೂಸಿದಳು. ಪುದೀನ. ಹಿಂದೆ ನಿಂತಿದ್ದ ಅತ್ತೆ ಕಣ್ಣು ಮಿಟುಕಿಸಿದಳು. ಸೊಸೆಗಾಗಿ ಮುದುಕಿ ಸೆಕ್ರೆಟರಿಯ ಕಣ್ಣಿಗೆ ಮಣ್ಣೆರಚಲು ಹೊರಟಿದ್ದಳು.

"ಅರೆ, ಕೊನೆಗೂ ಬಂತಲ್ಲ ನಿಮ್ಮ ಮರಳುಗಾಡಿನ ಗಿಡ!" ಕಸದವರೊಂದಿಗೆ ಮೇಲೆ ಬಂದ ಸೆಕ್ರೆಟರಿ ಪಟ್ಟಿಯಲ್ಲಿ ಗುರುತು ಹಾಕಿದ. "ಇರ್ಲಿ ಬಿಡಿ. ದಿನಾ ಎರಡು ಹೊತ್ತು ಪೈಪಲ್ಲಿ ನೀರು ಬಿಡೋಕೆ ವಾಚ್‌ಮನ್‌ಗೆ ಹೇಳ್ತೀನಿ."

ಬಾಯಿ ಮುಚ್ಚಿಕೊಂಡಿದ್ದರೆ ಕುಂಡ ಉಳಿಯುತ್ತಿತ್ತು. ಆದರೆ ಅಷ್ಟು ನೀರಿಗೆ ಬೀಜ ವಾರದಲ್ಲಿ ಕೊಳೆಯುತ್ತಿತ್ತು. ಆಕೆ ಪುದೀನವನ್ನು ಕಂತೆಗಟ್ಟಲೆ ಕಿತ್ತು ಅವನ ಕೈಗಿಟ್ಟಳು.

"ಇದು ಪುದೀನ. ನಮ್ಮತ್ತೆ ಪ್ರೀತಿಯಿಂದ ಸಿಗಿಸಿದ್ದು. ನನ್ನದು ಇನ್ನೂ ಬಂದಿಲ್ಲ."

ಅತ್ತೆಯ ಮುಖ ಹುಳ್ಳಗಾಯಿತು. ಸೆಕ್ರೆಟರಿಯ ಮುಖ ಕೆಂಪಾಯಿತು. "ಹಾಗಿದ್ರೆ ಏಳೂ ಗಾಡಿಗೆ!"

"ಮುಟ್ಟಿ ನೋಡಿ. ತಾರಸಿ ನಿಮ್ಮೆಲ್ಲರದು, ಒಪ್ಕೊಂಡೆ. ನನ್ನ ಮನೆ ನನ್ನದು. ಒಳಗಿಟ್ಕೋತೀನಿ."

"ಮನೆಯೊಳಗೆ ಮರಳಾ? ಎಷ್ಟು ವರ್ಷ ಕಾಯ್ತೀರಮ್ಮಾ?"

"ಅದು ಎಷ್ಟು ಕಾಯಿಸುತ್ತೋ ಅಷ್ಟು."

ಆಡಿಬಿಟ್ಟಳೇನೋ ನಿಜ. ಆದರೆ ಆ ಮನೆಯಲ್ಲಿ ದಿನವಿಡೀ ಬಿಸಿಲು ಬೀಳುವುದು ಒಂದೇ ಕಿಟಕಿಗೆ. ಅದರಡಿ ಅತ್ತೆಯ ಮಂಚ. ಆಗಷ್ಟೇ ನಾಲ್ಕು ಜನರೆದುರು ಅತ್ತೆಯ ಮಾನ ಕಳೆದಿದ್ದಳು. ಯಾವ ಬಾಯಲ್ಲಿ ಕೇಳುವುದು? ಆಕೆಗೆ ನಿಜಕ್ಕೂ ಅಳು ಬಂತು.

ಅತ್ತೆ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಒಂದು ಕುಂಡವನ್ನು ಕಂಕುಳಿಗೇರಿಸಿದಳು.

"ನಿನ್ನ ಗಂಡನ್ನ ಎಬ್ಬಿಸು ಹೋಗೇ. ನನ್ನ ಮಂಚ ಈಚೆ ಎಳೀಲಿ."

"ಅತ್ತೇ, ನಿಮ್ಮ ಸೊಂಟ..."

"ಸುಮ್ನಿರು. ಇದು ಮೊಳೆಯೋದನ್ನ ನೋಡದೆ ನಾನು ಸಾಯಲ್ಲ, ಬೇಕಾದ್ರೆ ಬರೆದಿಟ್ಕೋ." ಮುದುಕಿ ಸೆಕ್ರೆಟರಿಯ ಕಡೆ ತಿರುಗಿದಳು. "ಏನಪ್ಪಾ, ದಾರಿ ಬಿಡ್ತೀಯೋ, ನೀನೂ ಒಂದು ಎತ್ಕೋತೀಯೋ?"