ತೋಳಿನ ಮೇಲಿನ ಎರಡಕ್ಷರ

ನಾನು ಒಂದು ತೋಳುಪಟ್ಟಿ. ಕಪ್ಪು ಬಟ್ಟೆ, ಅದರ ಮೇಲೆ ಕೆಂಪು ದಾರದಲ್ಲಿ ಎಂ.ಪಿ. ಎಂಬ ಎರಡಕ್ಷರ. ಪಾರ್ಲಿಮೆಂಟಿನ ಎಂ.ಪಿ. ಅಂದುಕೊಂಡು ಕೈಮುಗಿಯಬೇಡಿ ಮತ್ತೆ! ಮಿಲಿಟರಿ ಪೊಲೀಸ್. ದಂಡಿನ ದರ್ಜಿಯೊಬ್ಬ ಬೀಡಿ ಕಚ್ಚಿಕೊಂಡೇ ನನ್ನನ್ನು ಹೊಲಿದ. ಆ ವಾಸನೆ ಬಹಳ ದಿನ ಹೋಗಲಿಲ್ಲ.

ನನ್ನನ್ನು ಕಟ್ಟಿಕೊಂಡವರು ಗೋಕಾಕ ಕಡೆಯ ಹವಾಲ್ದಾರ್ ಗುರುಪಾದ ಹಂಚಿನಾಳ. ನಮ್ಮ ಬೆಟಾಲಿಯನ್ನಿನಲ್ಲಿ ಒಂದೊಂದು ಕಂಪನಿಗೆ ಒಂದೊಂದು ಪಾಡು. ಒಬ್ಬರು ದಂಡಿನ ಲಾರಿಗಳಿಗೆ ದಾರಿ ತೋರಿಸಬೇಕು, ಇನ್ನೊಬ್ಬರು ಸೆರೆಯಾಳುಗಳನ್ನು ಕಾಯಬೇಕು, ನಾವು ಸ್ಟೇಷನ್ನಿನಲ್ಲಿ ನಿಂತು ಜವಾನರ ರಜೆಚೀಟಿ ನೋಡಬೇಕು. ಸೈನಿಕರನ್ನು ಸೈನಿಕರೇ ಹಿಡಿಯುವ ಕೆಲಸ, ಯಾರಿಗೆ ಬೇಕು ಹೇಳಿ! ನಾವು ಚಹಾದಂಗಡಿಗೆ ಹೋದರೆ ಅಲ್ಲಿನ ಮಾತು ನಿಂತುಬಿಡುತ್ತಿತ್ತು.

ಒಂದು ಬೆಳಿಗ್ಗೆ ದುಂಡಪ್ಪ ಕಬ್ಬೂರ ರೈಲಿನಿಂದ ಇಳಿದ. ಗುರುಪಾದರ ಪಕ್ಕದ ಹಳ್ಳಿಯ ಸಿಪಾಯಿ. ಹೆಂಡತಿಯ ಹೆರಿಗೆ ಕೆಟ್ಟು, ಆಸ್ಪತ್ರೆ ಬಿಟ್ಟು ಬರಲಾಗದೆ, ರಜೆ ಮುಗಿದು ತಿಂಗಳ ಮೇಲಾಗಿತ್ತು. ತಾನಾಗಿ ದಂಡಿನ ಗೇಟಿಗೆ ಹೋಗಿ ಶರಣಾದರೆ ಒಂದಿಷ್ಟು ಶಿಕ್ಷೆಯಾಗಿ ನೌಕರಿ ಉಳಿಯುತ್ತಿತ್ತು. ಮಿಲಿಟರಿ ಪೊಲೀಸರು ಹಿಡಿದು ತಂದರೆ ಓಡಿಹೋದವನೆಂಬ ಹೆಸರು, ನೌಕರಿಗೇ ಸಂಚಕಾರ.

“ಅಣ್ಣಾರ, ನಾ ನಡಕೋತ ಗೇಟಿಗೇ ಹೊಂಟೀನ್ರಿ. ಬಿಟ್ಟುಬಿಡ್ರಿ,” ಎಂದ.

ಗುರುಪಾದರು ಅವನ ಗಂಟನ್ನು ಕಸಿದು ಜೀಪಿಗೆ ಹಾಕಿದರು. “ಹುಚ್ಚಪ್ಪಾ, ನಿನ್ನ ಮಾರಿ ನೋಡ್ಕೊಂಡೀಯೇನು? ದಾರ್ಯಾಗ ಬಿದ್ದಗಿದ್ದೀ. ಜೀಪ್ ಹತ್ತು, ನಾನs ಬಿಡ್ತೀನಿ.”

ದುಂಡಪ್ಪ ಹತ್ತಿದ. ಜೀಪು ನಮ್ಮದು, ತೋಳಿನ ಮೇಲೆ ನಾನು. ಅಯ್ಯೋ, ಇದರಿಂದ ಏನಾದೀತೆಂದು ಪುಣ್ಯಾತ್ಮ ಗುರುಪಾದರಿಗೆ ಹೊಳೆಯಲೇ ಇಲ್ಲ.

ಗೇಟಿನ ಪಹರೆಯವನ ಕಣ್ಣು ನೇರ ನನ್ನ ಮೇಲೆ ಬಿತ್ತು. “ಹಿಡ್ಕೊಂಡು ಬಂದ್ರಾ?” ಎಂದವನೇ ಉತ್ತರಕ್ಕೂ ಕಾಯದೆ ಒಳಗೆ ಕೂಗಿ ಹೇಳಿದ.

ವಿಚಾರಣೆಯಲ್ಲಿ ಗುರುಪಾದರು ಗಂಟಲು ಹರಿದುಕೊಂಡರು. “ಅವ ತಾನs ಬಂದಾನ್ರಿ ಸಾಹೇಬ್ರ. ನಾ ಹಿಡಿದಿಲ್ಲ.”

ಮೇಜರ್ ಸಾಹೇಬರು ಮೈಸೂರಿನವರು, ಕೆಟ್ಟವರೇನಲ್ಲ. “ಡ್ಯೂಟಿ ಮೇಲಿದ್ರಾ?” ಎಂದು ಕೇಳಿದರು.

“ಇದ್ನಿರಿ.”

“ತೋಳಿಗೆ ಪಟ್ಟಿ ಇತ್ತಾ?”

“ಇತ್ರಿ.”

“ಹಾಗಿದ್ಮೇಲೆ ಹಿಡಿದು ತಂದ ಹಾಗೇ ಅಲ್ವೇನ್ರೀ?”

ನಾನು ಆ ಹೊತ್ತಿಗೆ ಉರಿದು ಬೂದಿಯಾಗಿದ್ದರೂ ಬೇಜಾರಿರಲಿಲ್ಲ.

ದುಂಡಪ್ಪನ ನೌಕರಿ ಹೋಯಿತು. ಶಿಕ್ಷೆ ಮುಗಿದ ಮೇಲೆ ಅವನನ್ನು ರೈಲು ಹತ್ತಿಸುವ ಕೆಲಸವೂ ಗುರುಪಾದರ ತಲೆಗೇ ಬಂತು. ಪ್ಲಾಟ್‌ಫಾರಮ್ಮಿನಲ್ಲಿ ಅವರು ಮೆಲ್ಲಗೆ ನನ್ನನ್ನು ಬಿಚ್ಚತೊಡಗಿದರು.

“ಈಗ್ಯಾಕ ಬಿಚ್ಚತೀರಿ, ಅಣ್ಣಾರ?” ಎಂದ ದುಂಡಪ್ಪ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಎಷ್ಟೋ ಚೆನ್ನಾಗಿತ್ತು.

ಈಗ ನಾನು ಗುರುಪಾದರ ಮನೆಯ ಟ್ರಂಕಿನಲ್ಲಿ ಬಿದ್ದಿದ್ದೇನೆ. ಕೆಂಪು ಮಾಸಿದೆ, ಅಂಚು ನುಸಿ ತಿಂದಿದೆ. ಮೊನ್ನೆ ಮೊಮ್ಮಗಳು ನನ್ನನ್ನು ಎತ್ತಿ ಹಿಡಿದು ಕೇಳಿದಳು: “ಅಜ್ಜಾ, ಇದನ್ನ ಕಟ್ಕೊಂಡು ಭಾಳ ಮಂದೀನ್ನ ಹಿಡದೀಯೇನು?”

“ಹಿಡದವ್ರು ಯಾರೂ ನೆನಪಿಲ್ಲವ್ವಾ,” ಎಂದರು ಅವರು. “ನಾ ಹಿಡೀದs ಇದ್ದಾವ ಒಬ್ಬ ಅದಾನ. ಅವ ನನ್ನ ಬಿಡವೊಲ್ಲ.”