ದೂರ ಆಗೂದಿಲ್ಲೇನ್ರಿ?

ಮೊದಲೇ ಹೇಳಿಬಿಡುತ್ತೇನೆ, ನನಗೆ ಸಿಟ್ಟು ಬೇಗ ಬರುತ್ತದೆ. ಆ ಭಾನುವಾರವಂತೂ ಕೇಳಲೇಬೇಡಿ. ಹೊಟ್ಟೆಯಲ್ಲಿ ಹತ್ತು ವಾರದ ಜೀವ, ಬಾಯಲ್ಲಿ ಬೆಳಗಿನಿಂದ ತುಕ್ಕಿನ ರುಚಿ, ಮೇಲೆ ಶ್ರಾವಣದಲ್ಲೂ ಬಿಡದ ರಾಯಚೂರಿನ ಬಿಸಿಲು. ಹತ್ತು ವಾರದ ಸಂಗತಿ ನನಗೆ ಮತ್ತು ನನ್ನ ಗಂಡ ಸುಮಂತನಿಗೆ ಮಾತ್ರ ಗೊತ್ತಿತ್ತು. ಬಾಡಿಗೆ ಕಾರಿನ ಮುಂದಿನ ಸೀಟಿನಲ್ಲಿ ತಾಮ್ರದ ತಂಬಿಗೆ ಹಿಡಿದು ಕೂತಿದ್ದ ನಮ್ಮತ್ತೆ ಅಹಲ್ಯಾಬಾಯಿಗೆ ಗೊತ್ತಿರಲಿಲ್ಲ. ಗೊತ್ತಾಗಬಾರದು ಎಂದು ನಾನು ಪಟ್ಟ ಪಾಡು ದೇವರಿಗೇ ಪ್ರೀತಿ.

ನಾವು ಹುಬ್ಬಳ್ಳಿಯವರು. ಸುಮಂತ ಪಿಯು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಾನೆ, ನಾನು ತಾಲ್ಲೂಕು ಕಚೇರಿಯಲ್ಲಿ ಕೆಲಸ ಮಾಡುತ್ತೇನೆ. ಈ ವರ್ಷ ಇಬ್ಬರಿಗೂ ವರ್ಗವಾಯಿತು. ಅವನಿಗೆ ಮಾನ್ವಿ, ನನಗೆ ದೇವದುರ್ಗ. ಒಂದೇ ಜಿಲ್ಲೆ ಸಿಕ್ಕಿತಲ್ಲ ಎಂದು ನೆಂಟರೆಲ್ಲ ಸಂತೋಷಪಟ್ಟರು. ನಕ್ಷೆ ಬಿಚ್ಚಿ ನೋಡಿದವರು ಮಾತ್ರ ಅದನ್ನು ಮತ್ತೆ ಮಡಚಿಟ್ಟರು. ಎರಡು ಊರಿನ ನಡುವೆ ಅರವತ್ತು ಕಿಲೋಮೀಟರಿನ ದಾರಿ. ರಾಯಚೂರು ಮೂರನೇ ಮೂಲೆ, ಅಲ್ಲಿಂದ ಎರಡಕ್ಕೂ ಐವತ್ತರ ಆಜುಬಾಜು. ಇಲ್ಲಿನ ನೌಕರರು ರಾಯಚೂರಿನಲ್ಲಿ ಮನೆ ಮಾಡಿ, ಬೆಳಿಗ್ಗೆ ಬಸ್ಸಿನಲ್ಲಿ ತಾಲ್ಲೂಕಿಗೆ ಹೋಗಿ ಸಂಜೆ ತಿರುಗಿ ಬರುತ್ತಾರೆ. ಅದಕ್ಕೆ ಅಪ್‌ಡೌನ್ ಎಂದು ಹೆಸರು. ಯಾರನ್ನು ಕೇಳಿದರೂ ಅದೇ ಉತ್ತರ, "ಎಲ್ಲಾರೂ ಅಪ್‌ಡೌನೇ ಮಾಡ್ತಾರ್ರಿ."

ಆ ಶಬ್ದ ನನಗೆ ಹೊಸದಲ್ಲ. ಎರಡು ವರ್ಷದ ಹಿಂದೆ ನಾನೂ ಹುಬ್ಬಳ್ಳಿಯಿಂದ ನವಲಗುಂದಕ್ಕೆ ಅಪ್‌ಡೌನ್ ಮಾಡುತ್ತಿದ್ದೆ. ಹನ್ನೊಂದನೇ ವಾರದಲ್ಲಿ, ಬಸ್ಸಿನ ಕಿಟಕಿ ಪಕ್ಕದ ಸೀಟಿನಲ್ಲಿ, ನನ್ನ ಮೊದಲ ಕೂಸು ಹೋಯಿತು. ಬಸ್ಸಿನಿಂದ ಆದದ್ದಲ್ಲ, ಯಾರ ತಪ್ಪೂ ಅಲ್ಲ ಎಂದು ಡಾಕ್ಟರು ಮೂರು ಸಲ ಹೇಳಿದರು. ಆದರೆ ಅತ್ತೆ, ನೋಡಲು ಬಂದ ನೆಂಟರ ಮುಂದೆ, "ಬಸ್ಸಿನ್ಯಾಗ ಕಳಕೊಂಡು ಬಂದಳವಾ" ಎಂದುಬಿಟ್ಟರು. ನಾನೇನು ಛತ್ರಿ ಕಳೆದುಕೊಂಡು ಬಂದಿದ್ದೆನೇ? ಪಕ್ಕದ ಕೋಣೆಯಲ್ಲಿ ಮಲಗಿ ಕೇಳಿಸಿಕೊಂಡ ಆ ಮಾತನ್ನು ನಾನು ಇವತ್ತಿಗೂ ಮರೆತಿಲ್ಲ.

ಹಾಗಾಗಿ ಈ ಸಲ ಮೂರು ತಿಂಗಳು ತುಂಬುವ ತನಕ ಬಾಯಿ ಬಿಡಬಾರದೆಂದು ನಿಶ್ಚಯಿಸಿದೆ. ಅದು ನಮ್ಮ ಮನೆಯಲ್ಲಿ ಸುಲಭವಲ್ಲ. ಅತ್ತೆ ಮಡಿ ಹೆಂಗಸು. ಮುಟ್ಟಾದ ಮೂರು ದಿನ ಯಾರನ್ನೂ ಮುಟ್ಟದೆ, ಅಡುಗೆಮನೆ ದೇವರಮನೆಗೆ ಕಾಲಿಡದೆ, ಸಣ್ಣ ಕೋಣೆಯಲ್ಲಿ ಕೂತು, ನಾಲ್ಕನೇ ದಿನ ತಲೆಗೆ ನೀರು ಹಾಕಿಕೊಂಡು ಒಳಗೆ ಬರಬೇಕು. ನಮ್ಮಲ್ಲಿ ಅದಕ್ಕೆ ದೂರ ಆಗುವುದು, ದೂರ ಕೂಡುವುದು ಎನ್ನುತ್ತಾರೆ. ಮೂರು ದಿನ ಅಡುಗೆ ತಪ್ಪುತ್ತದಲ್ಲ ಎಂದು ನಾನೂ ಜಗಳಕ್ಕೆ ಹೋಗಿರಲಿಲ್ಲ. ಈಗ ನಾನು ದೂರ ಕೂಡದಿದ್ದರೆ ಗುಟ್ಟು ಅವತ್ತೇ ರಟ್ಟು. ಅದಕ್ಕೇ ಎರಡು ತಿಂಗಳು ಸುಳ್ಳೇ ದೂರ ಕೂತೆ. ಆ ಕೋಣೆಯ ಚಾಪೆಯ ಮೇಲೆ ಹೊಟ್ಟೆಗೆ ಕೈಯಿಟ್ಟುಕೊಂಡು ಮಲಗಿ, ಅತ್ತೆ ಬಾಗಿಲಲ್ಲಿ ಇಟ್ಟುಹೋದ ತಾಟಿನ ಅನ್ನ ಉಂಡೆ. ಪಾಪ ಎನ್ನಿ, ನಾಟಕ ಎನ್ನಿ, ನನಗೆ ಬೇರೆ ದಾರಿ ಕಾಣಲಿಲ್ಲ.

ನನಗೆ ಬೇಕಾದದ್ದು ಇಷ್ಟೇ, ದೇವದುರ್ಗದಲ್ಲಿ ಕಚೇರಿಗೆ ನಡೆದು ಹೋಗುವಷ್ಟು ಹತ್ತಿರದ ಒಂದು ಮನೆ. ಈ ಕೂಸನ್ನು ಹೊತ್ತುಕೊಂಡು ನಾನು ಬಸ್ಸು ಹತ್ತಬಾರದು. ಅತ್ತೆ ಮಾತ್ರ "ರಾಯಚೂರು ಬಿಟ್ಟು ಬ್ಯಾರೆ ಊರು ನಾ ಒಲ್ಲೆ" ಎಂದು ಹದಿನೈದು ದಿನದಿಂದ ಪಟ್ಟು ಹಿಡಿದಿದ್ದರು. ಅಲ್ಲಿ ಮಠವಿದೆ, ಪ್ರವಚನವಿದೆ, ಅದಕ್ಕೇ ಇರಬೇಕೆಂದು ನಾನು ಒಳಗೊಳಗೇ ಕುದಿಯುತ್ತಿದ್ದೆ. ಸುಮಂತ ಯಾರು ಮಾತಾಡಿದರೂ ತಲೆ ಆಡಿಸುತ್ತಿದ್ದ.

ಕಾರು ಅಮೀರ್ ಸಾಬ್‌ನದು. ಅವನೇ ಡ್ರೈವರು, ಬಾಡಿಗೆ ಮನೆ ತೋರಿಸುವವನೂ ಅವನೇ. ಅವನ ಪ್ರಕಾರ ಈ ಜಿಲ್ಲೆಯಲ್ಲಿ ದೂರ ಎನ್ನುವುದೇ ಇಲ್ಲ. ಯಾವುದನ್ನು ಕೇಳಿದರೂ "ಇಲ್ಲೇ ಅದ ಬಿಡ್ರಿ."

ಮೊದಲು ತೋರಿಸಿದ್ದು ರಾಯಚೂರಿನ ಅಂಚಿನ ಹೊಸ ಬಡಾವಣೆಯ ಮನೆ. ಸುಣ್ಣ ಇನ್ನೂ ಹಸಿ. ಸುತ್ತ ಖಾಲಿ ಸೈಟುಗಳು, ಅವುಗಳ ಮೇಲೆ ಬಿಳಿ ಬಿಸಿಲು. ನಾನು ಹೊಸ್ತಿಲ ಮೇಲೆ ಕೂತೆ. ಆ ವಾರಗಳಲ್ಲಿ ನನ್ನ ಕಣ್ಣು ಎಲ್ಲೆಂದರಲ್ಲಿ ಮುಚ್ಚುತ್ತಿತ್ತು, ಎಚ್ಚರಕ್ಕೂ ನಿದ್ದೆಗೂ ನಡುವಿನ ಬಾಗಿಲು ತೆರೆದೇ ಇರುತ್ತಿತ್ತು. ನೋಡುತ್ತೇನೆ, ಖಾಲಿ ನಡುಮನೆಯ ಟೈಲ್ಸ್ ಮೇಲೆ ಬಚ್ಚಲಿನಿಂದ ಹೊರಗೆ ಸಣ್ಣ ಸಣ್ಣ ಹಸಿ ಹೆಜ್ಜೆಗಳು. ಕಣ್ಣುಜ್ಜಿದಾಗ ಇಲ್ಲ. ಒಳಗೆ ಅತ್ತೆ ಅಮೀರ್ ಸಾಬ್‌ನನ್ನು ವಿಚಾರಿಸುತ್ತಿದ್ದರು.

"ಮಠ ಎಷ್ಟು ದೂರ ಆಗ್ತದಪಾ? ದೊಡ್ಡ ದವಾಖಾನಿ?"

"ಎರಡೂ ಇಲ್ಲೇ ಅವ ಬಿಡ್ರಿ ಬಾಯಾರ."

ಅತ್ತೆಗೆ ಬಿಪಿ ಇದೆ, ಅದಕ್ಕೇ ದವಾಖಾನೆ ಎಂದುಕೊಂಡೆ. ಸುಮಂತನನ್ನು ಮೂಲೆಗೆ ಎಳೆದು, "ಇಲ್ಲಿಂದ ದಿನಾ ನೂರಾ ಹತ್ತು ಕಿಲೋಮೀಟರ್ ಅಡ್ಡಾಡ್ಲೇನ್ರಿ ನಾ? ಬಾಯಿ ಬಿಟ್ಟು ಏನರೆ ಹೇಳ್ರಿ" ಎಂದೆ. ಅವನು ತಲೆ ಆಡಿಸಿದ.

ಅಲ್ಲಿಂದ ಮಾನ್ವಿಯ ದಾರಿ. ರಸ್ತೆಯ ಒಂದೊಂದು ಉಬ್ಬಿಗೂ ಅತ್ತೆ "ಸಾವಕಾಶ, ಸಾವಕಾಶ" ಎನ್ನುತ್ತಿದ್ದರು. ಅವರ ಸೊಂಟಕ್ಕೆ ನೋವೆಂದು ನನ್ನ ಎಣಿಕೆ. ಕಲ್ಲೂರಿನ ಹತ್ತಿರ ಅಮೀರ್ ಸಾಬ್, "ಇಲ್ಲೂ ಒಂದು ಮನಿ ಅದ್ರಿ, ಬರೋಬರಿ ನಡಕ್ಕ ಆಗ್ತದ" ಎಂದ. ನಡುವೆ ಎಂದರೆ ಯಾರಿಗೂ ಹತ್ತಿರವಲ್ಲ ಎಂದರ್ಥ, ಬೇಡ ಎಂದೆ. ಆಮೇಲೆ ಕಾಲುವೆ ನೀರಿನ ಸೀಮೆ ಶುರುವಾಯಿತು. ನಾಟಿಗೆ ನೀರು ಕಟ್ಟಿದ ಗದ್ದೆಗಳು ದಾರಿಯ ಎರಡೂ ಕಡೆ ಆಕಾಶ ತುಂಬಿಕೊಂಡು ಮಲಗಿದ್ದವು. ಕಾರು ಮೋಡದ ಮೇಲೆ ಹೋಗುತ್ತಿದೆಯೋ ನೆಲದ ಮೇಲೋ ನನಗೆ ತಿಳಿಯಲಿಲ್ಲ. ಹಾಗೇ ಹೋಗುತ್ತಿರಲಿ, ಎಲ್ಲಿಯೂ ಇಳಿಯುವುದು ಬೇಡ ಎನಿಸಿತು.

ಮಾನ್ವಿಯ ಮನೆ ಮಾಳಿಗೆಯ ಮೇಲೆ. ಕಿಟಕಿಯಿಂದ ಗುಡ್ಡದ ಬಂಡೆಗಳು ಕಾಣುತ್ತಿದ್ದವು, ಸುಮಂತನ ಕಾಲೇಜು ಹತ್ತೇ ನಿಮಿಷ. ನಡುಮನೆಯ ಸೂರಿನಲ್ಲಿ ತೂಗುಮಣೆಯ ನಾಲ್ಕು ಕೊಂಡಿಗಳು ಮಾತ್ರ ಉಳಿದಿದ್ದವು. ನಾನು ಕೆಳಗೆ ನಿಂತು ಕಣ್ಣು ಮುಚ್ಚಿದಾಗ ಮಣೆ ಕಿರ್ ಎಂದು ತೂಗಿದ್ದು ಕೇಳಿಸಿತು, ಯಾರೋ ಆಗ ತಾನೇ ಇಳಿದು ಹೋದ ಹಾಗೆ. ಸುಮಂತ ಹತ್ತಿರ ಬಂದು ಪಿಸುಗುಟ್ಟಿದ.

"ಇದು ಚಲೋ ಅದ. ನೀ ಒಂದಿಷ್ಟು ದಿನ ರಜಾ ಹಾಕು."

"ಹಾಕ್ತೀನಿ. ಹೊಸ ಆಫೀಸಿಗೆ ಮೊದಲನೇ ದಿನಾನೇ ರಜಾ ಅರ್ಜಿ ಹಿಡಕೊಂಡು ಹೋಗ್ಲೇನು? ಖರೇನೇ ಹಂಗ ಅನಸ್ತದ ನಿಮಗ?"

ಪಾಪ, ಅವನ ಮುಖ ಸಣ್ಣದಾಯಿತು. ಅವನಿಗೂ ಹೆದರಿಕೆಯಿತ್ತು, ನನಗೆ ಗೊತ್ತು. ಆದರೆ ನನ್ನ ಸಿಟ್ಟಿಗೆ ಯಾರಾದರೊಬ್ಬರು ಬೇಕಿತ್ತು.

ದೇವದುರ್ಗ ತಲುಪಿದಾಗ ಮೂರು ಗಂಟೆ. ತಾಲ್ಲೂಕು ಕಚೇರಿಯ ಹಿಂದಿನ ಓಣಿ, ಬೇವಿನ ಗಿಡದ ಕೆಳಗೆ ಹಳೆಯ ಕಲ್ಲಿನ ಮನೆ. ಕಚೇರಿಯ ಕಾಂಪೌಂಡಿನಿಂದ ಬಾಗಿಲ ತನಕ ನಾನೇ ಎಣಿಸಿಕೊಂಡು ಬಂದೆ, ಇನ್ನೂರ ನಲವತ್ತು ಹೆಜ್ಜೆ. ಮನೆಯೊಡತಿ ಶಿವಬಸಮ್ಮ ಹತ್ತಿ ವ್ಯಾಪಾರದ ಮನೆಯವರು, ಪಕ್ಕದಲ್ಲೇ ಇರುತ್ತಾರೆ. "ಬರ್ರಿ ಅಕ್ಕಾರ, ಬಿಸಲಾಗ ಬಂದೀರಿ, ಕುಂದರ್ರಿ" ಎಂದು ನನ್ನನ್ನು ಪಡಸಾಲೆಯ ಕಂಬಕ್ಕೆ ಆನಿಸಿ ಕೂಡಿಸಿದರು. ಸುಮಂತ ಮಾನ್ವಿಗೆ ಎಷ್ಟೆಷ್ಟು ಹೊತ್ತಿಗೆ ಬಸ್ಸಿದೆ ನೋಡುತ್ತೇನೆಂದು ಅಮೀರ್ ಸಾಬ್‌ನ ಜೊತೆ ಬಸ್ ಸ್ಟ್ಯಾಂಡಿಗೆ ಹೋದ.

ಕಾಲ ಕೆಳಗಿನ ಕಲ್ಲು ತಣ್ಣಗಿತ್ತು. ಬೇವಿನ ನೆರಳು ಅಂಗಳದಲ್ಲಿ ಮೆಲ್ಲಗೆ ಅಲುಗುತ್ತಿತ್ತು. ನಾನು ಕಣ್ಣು ಮುಚ್ಚಿದೆ. ಬೆಳಗಿನಿಂದ ನೋಡಿದ ಮೂರು ಮನೆಗಳೂ ಒಂದೇ ಮನೆಯಾದವು. ಹೊಸ್ತಿಲು ರಾಯಚೂರಿನದು, ನಡುಮನೆ ಮಾನ್ವಿಯದು, ಹಿತ್ತಲು ದೇವದುರ್ಗದ್ದು. ಮಧ್ಯೆ ರಸ್ತೆಯಿಲ್ಲ, ಬಸ್ಸಿಲ್ಲ. ನಾನು ಬರಿಗಾಲಲ್ಲಿ ಒಂದು ಕೋಣೆಯಿಂದ ಇನ್ನೊಂದಕ್ಕೆ ನಡೆಯುತ್ತಿದ್ದೆ, ಮುಂದಿನ ಕೋಣೆಯಲ್ಲಿ ಯಾರೋ ನಗುತ್ತಿದ್ದರು. ನಾನು ಹೋಗುವಷ್ಟರಲ್ಲಿ ನಗು ಅದರ ಮುಂದಿನ ಕೋಣೆಗೆ ಹೋಗುತ್ತಿತ್ತು. ಹೆದರಿಕೆಯಾಗಲಿಲ್ಲ. ಸಿಕ್ಕೇ ಸಿಗುತ್ತದೆ ಎಂದು ಸಾವಕಾಶ ನಡೆಯುತ್ತಿದ್ದೆ.

ಆ ನಿದ್ದೆಯ ಆಚೆಗೆ ಮಾತುಗಳು ಕೇಳಿಸುತ್ತಿದ್ದವು. ಅತ್ತೆ ಹಿತ್ತಲ ಕಡೆಯ ಸಣ್ಣ ಕೋಣೆಯನ್ನು ನೋಡುತ್ತಿದ್ದರು. ಯಾವ ಮನೆಗೆ ಹೋದರೂ ಅವರು ದೂರ ಕೂಡಲಿಕ್ಕೆ ಕೋಣೆಯಿದೆಯೇ ಎಂದು ಮೊದಲು ನೋಡುತ್ತಾರೆ. ಶಿವಬಸಮ್ಮ ಬಾಗಿಲ ಹೊರಗೆ ನಿಂತು ಮಾತಾಡುತ್ತಿದ್ದರು.

"ಅಮೀರ್ ಸಾಬ್ ಹೇಳಿದ, ರಾಯಚೂರಾಗೂ ಮನಿ ನೋಡಾಕತ್ತೀರಂತ. ಅಲ್ಲಿ ಮಾಡಿದ್ರ ಸೊಸಿಗೆ ದೂರ ಆಗೂದಿಲ್ಲೇನ್ರಿ ಬಾಯಾರ?"

ಕೋಣೆಯೊಳಗಿದ್ದ ಅತ್ತೆಗೆ ಕೊನೆಯ ತುಂಡಷ್ಟೇ ಕೇಳಿರಬೇಕು. ಅವರ ಕಿವಿಯಲ್ಲಿ ಸೊಸೆಯ ಪಕ್ಕ ಆ ಮಾತು ಬಂದರೆ ಅದಕ್ಕೆ ಒಂದೇ ಅರ್ಥ.

"ಎಲ್ಲಿ ದೂರ ಆಗ್ಯಾಳವಾ? ಎರಡು ತಿಂಗಳಾತು, ಸುಳ್ಳೇ ಕೂಡ್ಲಿಕತ್ಯಾಳ."

"ಏನಂದ್ರಿ?" ಎಂದರು ಶಿವಬಸಮ್ಮ.

ನಾನು ಕಣ್ಣು ಬಿಟ್ಟೆ. ಅತ್ತೆ ಬಾಗಿಲಿಗೆ ಬಂದು ನಿಂತಿದ್ದರು, ಬಾಯಿಗೆ ಸೆರಗು ಒತ್ತಿಕೊಂಡು. ಶಿವಬಸಮ್ಮ ನನ್ನ ಮುಖ ನೋಡಿದರು, ಅತ್ತೆಯ ಮುಖ ನೋಡಿದರು. ಏನು ತಿಳಿಯಿತೋ, "ಚಾ ಇಡ್ತೀನ್ರಿ" ಎಂದು ತಮ್ಮ ಮನೆಗೆ ಹೋದರು.

"ಅತ್ಯಾ, ಯಾವಾಗ ಗೊತ್ತಾತು ನಿಮಗ?"

ಅತ್ತೆ ನನ್ನಿಂದ ನಾಲ್ಕು ಮಾರು ಆಚೆ ಕೂತರು. "ಮೊದಲನೇ ತಿಂಗಳು ನಂಬಿದ್ದೆ. ಹೋದ ತಿಂಗಳು ನೀ ಮೂರನೇ ದಿನಾನೇ ತಲಿಗೆ ನೀರು ಹಾಕ್ಕೊಂಡು ಒಳಗ ಬಂದಿ. ನೀ ನಮ್ಮನಿಗೆ ಬಂದ ಹನ್ನೆರಡು ವರ್ಷದಾಗ ಒಮ್ಮೆರೆ ತಪ್ಪಿದ್ದೇನು?"

ಅಯ್ಯೋ ನನ್ನ ಬುದ್ಧಿಯೇ! ಆ ಕೋಣೆಯಲ್ಲಿ ಹಗಲೂ ರಾತ್ರಿ ನಿದ್ದೆ ಮಾಡಿ ಒಂದು ದಿನವನ್ನೇ ಹೆಚ್ಚಿಗೆ ಎಣಿಸಿಬಿಟ್ಟಿದ್ದೆ. "ಮತ್ತ ಯಾಕ ತಡೀಲಿಲ್ಲ? ದೇವರಮನಿ ತನಕ ಬಂದಿದ್ದೆನಲ್ಲ?"

"ಬಸುರಾದಾಕಿಗೆ ಎಲ್ಲೀ ಮೈಲಿಗಿ?" ಎಂದರು. ಆಮೇಲೆ ಸೆರಗಿನ ತುದಿಯನ್ನು ಮಡಚುತ್ತ, ಬಿಚ್ಚುತ್ತ ಹೇಳಿದರು. "ನನಗ ಹೇಳಬಾರದು ಅಂತ ಕೂತಿದ್ದಿ. ಯಾಕ ಅನ್ನೂದೂ ಗೊತ್ತದ. ಅವತ್ತು ಮಂದಿ ಮುಂದ ಹಂಗ ಅಂದೆ. ನೀ ಖೋಲ್ಯಾಗ ಎಚ್ಚರ ಇದ್ದಿ ಅಂತ ಆಮ್ಯಾಲೆ ತಿಳೀತು. ಎರಡು ವರ್ಷಾತು, ಹೇಳಬೇಕಂತೀನಿ, ಬಾಯಿ ಬರೂದಿಲ್ಲ. ತಪ್ಪಾತವಾ."

ಇಷ್ಟು ಕೇಳಿ ನನಗೆ ಸಮಾಧಾನವಾಗಬೇಕಿತ್ತು. ಎಲ್ಲಿಯದು, ಸಿಟ್ಟು ನೆತ್ತಿಗೇರಿತು. "ಅಷ್ಟು ಗೊತ್ತಿದ್ದೂ ರಾಯಚೂರು ರಾಯಚೂರು ಅಂತ ಜೀವಾ ತಿಂದ್ರಲ್ಲ! ಮತ್ತ ದಿನಾ ಬಸ್ಸಿನ್ಯಾಗ ಕಳಸವ್ರಿದ್ರೇನು ನನ್ನ?"

"ದೊಡ್ಡ ದವಾಖಾನಿ ಅಲ್ಲೇ ಅದಲ್ಲ!" ಅತ್ತೆಯ ದನಿಯೂ ಏರಿತು. "ನಡುರಾತ್ರಿ ಏನರೆ ಆದ್ರ ಈ ಊರಿಂದ ಅಲ್ಲೀತನಕಾ ಹೆಂಗ ಒಯ್ಯೂದು? ಅದನ್ನ ನೆನಸ್ಕೊಂಡು ಹದಿನೈದು ದಿನದಿಂದ ನನಗ ನಿದ್ದಿಲ್ಲ."

ಒಂದೇ ಕೂಸನ್ನು ಉಳಿಸಿಕೊಳ್ಳಲಿಕ್ಕೆ ನಾನು ಒಂದು ಊರಿಗೆ, ಅವರು ಇನ್ನೊಂದು ಊರಿಗೆ ಜಗ್ಗುತ್ತಿದ್ದೆವು. ಅಂಗಳದ ನೆರಳು ಒಂದು ಕಲ್ಲು ದಾಟಿ ಇನ್ನೊಂದು ಕಲ್ಲಿಗೆ ಬಂದಿತ್ತು.

"ಇಲ್ಲೇ ಇರೂಣು," ಎಂದರು ಕೊನೆಗೆ. "ನೀ ನಡಕೊಂತ ಹೋಗಿ ನಡಕೊಂತ ಬಾ. ತಿಂಗಳಿಗೊಮ್ಮೆ ಸಾವಕಾಶ ಕಾರಿನ್ಯಾಗ ಹೋಗಿ ದೊಡ್ಡ ಡಾಕ್ಟರಿಗೆ ತೋರಿಸೂಣು. ಏಳು ತುಂಬಿದ ಮ್ಯಾಲೆ ರಾಯಚೂರಾಗ ಒಂದು ಖೋಲಿ ಹಿಡಿಯೂಣು. ಅಲ್ಲೀತನಕಾ ಮಠಕ್ಕ ನಾನೇ ಅಪ್‌ಡೌನ್ ಮಾಡ್ತೀನಿ."

ನನಗೆ ನಗು ಬಂತು. "ನಿಮ್ಮ ಮಗ?"

"ಅವಂಗೇನು, ಮಾನ್ವಿಗೆ ದಿನಾ ಹೋಗಿ ಬರ್ತಾನ. ಹೆಂಗೂ ತಲಿ ಆಡಸ್ತಾನ."

ನಗುತ್ತಿದ್ದ ಹಾಗೆಯೇ ಅದು ನನ್ನ ಬಾಯಿಂದ ಹೊರಗೆ ಬಿತ್ತು. ಸುಮಂತನ ಹತ್ತಿರವೂ ಆಡದಿದ್ದ ಮಾತು.

"ಅತ್ಯಾ, ಇದೂ ನಿಲ್ಲದಿದ್ರ?"

ಬಿಡ್ತು ಅನ್ನು ಎಂದು ಗದರುತ್ತಾರೆ ಎಂದುಕೊಂಡೆ. ಗದರಲಿಲ್ಲ.

"ಹೋದ ಸಲ ಮೈಲಿಗಿ ಅಂತ ಹತ್ತು ದಿನ ಬಾಗಲದಾಗ ನಿಂತು ಮಾತಾಡ್ಸಿದೆ ನಿನ್ನ," ಎಂದರು. "ನೀ ಒಳಗ ಅಳ್ಲಿಕತ್ತಿದ್ದಿ. ನಾ ಹೊರಗ ತಾಟು ಹಿಡಕೊಂಡು ನಿಂತಿದ್ದೆ. ನಿಲ್ಲದಿದ್ರ, ಈ ಸಲ ನಾ ಒಳಗ ಬಂದು ನಿನ್ನ ಬಾಜೂ ಕೂಡ್ತೀನಿ. ಮಡಿ ಹೋದ್ರ ಹೋಗ್ಲಿ."

ಹಾಗೆಂದು, ಇನ್ನೂ ಏನೂ ಆಗಿರದಿದ್ದರೂ, ಆ ನಾಲ್ಕು ಮಾರು ಕೂತಲ್ಲಿಂದಲೇ ಸರಿದು ಬಂದು ನನ್ನ ಕೈ ಹಿಡಿದರು. ಎರಡು ವರ್ಷದ ಅಳು ನನಗೆ ಆಗ ಬಂತು. ಅವರೂ ಅತ್ತರು. ಹೋದ ಕೂಸಿಗಾಗಿ ನಾವಿಬ್ಬರೂ ಸೇರಿ ಅತ್ತದ್ದು ಅದೇ ಮೊದಲು.

ಚಹಾ ತಂದ ಶಿವಬಸಮ್ಮ ಬಾಗಿಲಲ್ಲೇ ಗಾಬರಿಯಾಗಿ ನಿಂತರು. "ಯಾಕ್ರಿ ಬಾಯಾರ, ಮನಿ ಪಸಂದ ಬರಲಿಲ್ಲೇನ್ರಿ?"

"ಬಂದದವಾ," ಎಂದರು ಅತ್ತೆ, ನನ್ನ ಕೈ ಬಿಡದೆ. "ಯಾವಾಗ ಬರೂಣು, ಹೇಳು."