ಬೀದಿಯ ಕೊನೆಯ ತಟ್ಟೆ

ಅಂದು ಬೆಳಿಗ್ಗೆ ಮಂಜು ಬೀದಿಗೇ ಇಳಿದು ಕುಳಿತಿತ್ತು. ಚಿತ್ರಗಾರರ ಹಳೆಯ ಬೀದಿಯ ಮಹಡಿ ಕಿಟಕಿಗಳು ಒಂದೂ ಕಾಣುತ್ತಿರಲಿಲ್ಲ. ಚೌಕಟ್ಟಿನ ಅಂಗಡಿಯ ಮುಂದೆ ಗೋಡೆಗೊರಗಿಸಿದ್ದ ಖಾಲಿ ಚೌಕಟ್ಟುಗಳೊಳಗೆ ಬರೀ ಬಿಳಿ ತುಂಬಿತ್ತು. ಬೇರೆಯವರಾಗಿದ್ದರೆ ಎಂಥ ಚೆಂದವೆಂದು ನಿಂತು ನೋಡುತ್ತಿದ್ದರು. ಛತ್ರಿಯಕ್ಕನಿಗೆ ಮಾತ್ರ ಸೂಪಿನ ಚಿಂತೆ ಹತ್ತಿತು. ಚಳಿಯಾದರೆ ಜನ ಬಿಸಿ ಸೂಪನ್ನು ಎರಡೆರಡು ಬಟ್ಟಲು ಇಳಿಸುತ್ತಾರೆ. ಸೂಪು ಮೊದಲ ಅಂಗಡಿಯದು. ದೊಡ್ಡಮ್ಮನ ಅಂಜೂರದ ಬನ್ನು ಕೊನೆಯದು.

ವಾರಕ್ಕೊಮ್ಮೆ ಕೆಂಪು ಛತ್ರಿ ಎತ್ತಿ ಹಿಡಿದು ಹನ್ನೆರಡು ಜನರನ್ನು ಆ ಬೀದಿಯುದ್ದಕ್ಕೂ ನಡೆಸುವುದು ಅವಳ ಕೆಲಸ. ಹೆಸರು ಬಂದದ್ದೂ ಅದರಿಂದಲೇ. ಇಲ್ಲಿ ಬಣ್ಣ ಅರೆಯುತ್ತಿದ್ದರು, ಇಲ್ಲಿ ಕಲ್ಲು ಕಡೆಯುತ್ತಿದ್ದರು ಎಂದು ತೋರಿಸುತ್ತ, ಐದು ಅಂಗಡಿಗಳಲ್ಲಿ ಒಂದೊಂದು ತುತ್ತು ರುಚಿ ನೋಡಿಸುವುದು. ತುತ್ತು ಮಾತ್ರ, ಊಟವಲ್ಲ. ಐದು ಅಂಗಡಿಯವರೂ ತಲೆಯಾಡಿಸಿ ಒಪ್ಪಿದ್ದ ಕಟ್ಟಳೆ ಅದು.

ಅವಳು ಈ ನಡಿಗೆ ಹೂಡಿದ್ದು ದೊಡ್ಡಮ್ಮನಿಗಾಗಿ ಎಂಬುದನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ. ದೊಡ್ಡಪ್ಪ ಕಂಚಿನ ಮೂರ್ತಿ ಎರೆಯುತ್ತಿದ್ದವರು. ಅವರ ಎರಕದ ಮನೆಯ ಮೂಲೆಯಲ್ಲೇ ದೊಡ್ಡಮ್ಮನ ಬನ್ನಿನ ಒಲೆ. ಅವರು ತೀರಿಕೊಂಡ ಮೇಲೆ ಎರಡು ವರ್ಷ ಆ ಒಲೆ ಕಿಡಿ ಕೂಡ ಕಂಡಿರಲಿಲ್ಲ. ದೊಡ್ಡಮ್ಮ ಕಿಟಕಿಯ ಬಳಿ ಕೂತರೆ ಕೂತೇ ಇರುತ್ತಿದ್ದಳು. ನಡಿಗೆ ಶುರುವಾದ ಮೇಲೆ ಎರಡು ದಿನ ಮೊದಲೇ ಹಿಟ್ಟು ನಾದುವುದು, ಬೆಳಗಿನ ಜಾವ ಸೌದೆ ಹೂಡುವುದು, ಒಲೆಯ ಬಾಯಿಗೆ ಕೈ ಮುಗಿಯುವುದು ಎಲ್ಲ ಮರಳಿ ಬಂದವು. ‘ಬೇಯಿಸೋನು ಒಳಗಿರೋ ಬೆಂಕಿದೇವ್ರು, ನಾನು ಒಳಗಿಟ್ಟು ತೆಗೆಯೋಳು ಅಷ್ಟೆ’ ಎನ್ನುವಳು. ಅಡುಗೆ ಮಾಡಿದವಳಿಗೆ ಲೋಕ ಸಲ್ಲಿಸಬೇಕಾದ ಋಣ ಒಂದೇ, ಖಾಲಿ ತಟ್ಟೆ, ಎಂಬುದೂ ಅವಳದೇ ಮಾತು.

ಆ ಋಣವೇ ಈಗ, ಚಳಿ ಬಿದ್ದ ಈ ಮೂರು ವಾರದಿಂದ, ಸಲ್ಲುತ್ತಿರಲಿಲ್ಲ. ತುಂಬಿದ ಹೊಟ್ಟೆಗೆ ಅಮೃತವೂ ಭಾರ. ತಟ್ಟೆಗಳು ಹೋದ ಹಾಗೇ ತಿರುಗಿ ಬರುತ್ತಿದ್ದವು. ಹಿಂದಿನ ಸಂಜೆ ದೊಡ್ಡಮ್ಮ ಹಿಟ್ಟಿನ ಮೇಲೆ ಒದ್ದೆ ಬಟ್ಟೆ ಹೊದಿಸುತ್ತ ಅಂದಿದ್ದಳು: “ನಾಳೆನೂ ಹೀಗೇ ಆದ್ರೆ ಒಲೆ ಆರಿಸ್ಬಿಡ್ತೀನಿ ಕಣೇ. ತಿನ್ನೋರಿಲ್ಲದೆ ಸುಡೋದು ಪಾಪ.” ಸಿಟ್ಟಿನಿಂದ ಅಂದಿದ್ದರೆ ಸಮಾಧಾನ ಮಾಡಬಹುದಿತ್ತು. ತೀರಾ ತಣ್ಣಗೆ ಅಂದಿದ್ದಳು.

ಇದಕ್ಕೆಲ್ಲ ಕಾರಣ ಸೂಪಿನ ಮಾವ. ಕೆಟ್ಟವನೆಂದು ಬೈಯೋಣವೆಂದರೆ ಅಂಥ ಒಳ್ಳೆಯ ಮನುಷ್ಯ ಬೀದಿಯಲ್ಲೇ ಇಲ್ಲ. ಅವನ ಅಪ್ಪನ ಕಾಲದಲ್ಲಿ ಕಾಸಿಲ್ಲದ ಚಿತ್ರಗಾರರೆಲ್ಲ ಉಂಡದ್ದು ಆ ಅಂಗಡಿಯ ಬೆಂಚಿನ ಮೇಲೆ. ಅಪ್ಪ ಅಳೆದು ಬಡಿಸಿದವನಲ್ಲ, ಮಗನಿಗೂ ಅಳತೆ ಗೊತ್ತಿಲ್ಲ. ತುತ್ತು ಸಾಕು ಮಾವ ಎಂದು ಛತ್ರಿಯಕ್ಕ ಎಷ್ಟು ಹೇಳಿದರೂ ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗೆ. ದೊಡ್ಡಮ್ಮನನ್ನೇ ಮೊದಲು ಮಾಡೋಣವೆಂದರೆ ಬನ್ನು ಒಲೆಯಿಂದ ಹೊರಬರುವುದು ಹನ್ನೊಂದಕ್ಕೆ. ಕೊನೆಗೆ ಅಂಗೈಯಷ್ಟು ಪುಟ್ಟ ಹನ್ನೆರಡು ಬಟ್ಟಲುಗಳನ್ನು ತಾನೇ ತಂದು ಕೊಟ್ಟಿದ್ದಳು. ಮುಂದಿನ ವಾರ ನೋಡಿದರೆ ಅವುಗಳಲ್ಲಿ ಉಪ್ಪು, ಮೆಣಸಿನಪುಡಿ ತುಂಬಿ ಮೇಜಿಗೊಂದರಂತೆ ಇಟ್ಟಿದ್ದ. ತುಂಬಾ ಅನುಕೂಲವಾಯಿತು ಮಗಳೇ ಎಂದು ಹರಸಿಯೂ ಇದ್ದ.

ಅಂದೂ ಅದೇ ಆಯಿತು. ಮಂಜಿನಲ್ಲಿ ಮುದುರಿಕೊಂಡು ಬಂದ ಹನ್ನೆರಡು ಜನರನ್ನು ಕಂಡು ಮಾವನ ಕಣ್ಣಲ್ಲಿ ನೀರೇ ಬಂತು. ಪಾಪ, ನಡುಗುತ್ತಿದ್ದಾರೆ ಎಂದ. ಬೋಗುಣಿಯಂಥ ಬಟ್ಟಲುಗಳು ಬಂದವು, ಜೊತೆಗೆ ರೊಟ್ಟಿ. ಛತ್ರಿಯಕ್ಕ ಕಣ್ಣು ಬಿಟ್ಟಳು, ಕೆಮ್ಮಿದಳು, ಗಡಿಯಾರ ತೋರಿಸಿದಳು. ಟೋಪಿ ಹಾಕಿದ್ದ ನಿವೃತ್ತ ಮೇಷ್ಟರೊಬ್ಬರು ಎರಡನೆಯ ಬಟ್ಟಲಿಗೆ ಬೆಲ್ಟು ಸಡಿಲಿಸಿದರು, ಮೂರನೆಯದಕ್ಕೆ ಪೂರಾ ಬಿಚ್ಚಿ ಜೇಬಿಗೆ ಹಾಕಿಕೊಂಡರು. ಅವರು ಏಳುವಾಗ ಬೆಂಚೂ ಉಸ್ಸೆಂದಿತು.

ಆಮೇಲಿನ ಮೂರು ಅಂಗಡಿಗಳಲ್ಲಿ ಜನ ತಿಂದಿದ್ದು ಹುರಿದ ಬೀಜ ನಾಲ್ಕು, ಗಿಣ್ಣು ಉಗುರಿನಷ್ಟು, ಜೇನು ಬೆರಳ ತುದಿಯಷ್ಟು. ಛತ್ರಿಯಕ್ಕ ಹಸಿವು ಹುಟ್ಟಲೆಂದು ದಾರಿ ಉದ್ದ ಮಾಡಿದಳು. ಮೆಟ್ಟಿಲಿದ್ದಲ್ಲೆಲ್ಲ ಹತ್ತಿಸಿದಳು, ಇಳಿಸಿದಳು. ಅಚ್ಚುಕೂಟದ ಮೂರನೆಯ ಮಹಡಿಗೆ ಏರಿಸಿ, ಅಲ್ಲೇನೂ ಇಲ್ಲದ್ದರಿಂದ, ಗಾಳಿ ಚೆನ್ನಾಗಿದೆ ನೋಡಿ ಎಂದಳು. ಅಷ್ಟೂ ನೀರಲ್ಲಿ ಹೋಮ ಮಾಡಿದಂತಾಯಿತು.

ದೊಡ್ಡಮ್ಮ ಹನ್ನೆರಡು ತಟ್ಟೆಗಳಲ್ಲಿ ಹನ್ನೆರಡು ಪುಟ್ಟ ಬನ್ನಿಟ್ಟು ಬಾಗಿಲಲ್ಲೇ ನಿಂತಿದ್ದಳು. ಜನ ಒಳ್ಳೆಯವರೇ. ಪರಿಮಳ ಹೊಗಳಿದರು, ಒಂದು ತುದಿ ಮುರಿದು ಬಾಯಿಗಿಟ್ಟರು, ಉಳಿದದ್ದನ್ನು ತಟ್ಟೆಯಲ್ಲೇ ಬಿಟ್ಟು ಹೊಟ್ಟೆ ಸವರಿಕೊಂಡರು. ಮೇಷ್ಟರು ತಮ್ಮದನ್ನು ದೊಡ್ಡಪ್ಪ ಎರೆದ ಕಂಚಿನ ಕುದುರೆಯ ಪೀಠದ ಮೇಲಿಟ್ಟು ಮರೆತೇಹೋದರು. ಜನ ಹೊರಟ ಮೇಲೆ ದೊಡ್ಡಮ್ಮ ಒಲೆಯ ಬಾಗಿಲು ತೆಗೆದು, ಸಲಿಕೆಯಿಂದ ಕೆಂಡಗಳನ್ನು ದೂರ ದೂರ ಹರಡತೊಡಗಿದಳು. ಗುಡ್ಡೆಯಾಗಿದ್ದರೆ ಕೆಂಡ ಬದುಕುತ್ತದೆ, ಹರಡಿದರೆ ತಾನೇ ಸಾಯುತ್ತದೆ.

ಛತ್ರಿಯಕ್ಕನ ಸಿಟ್ಟು ನೆತ್ತಿಗೇರಿತು. ತುದಿ ಮುರಿದ ಹನ್ನೆರಡು ಬನ್ನುಗಳನ್ನೂ ಒಂದು ಪರಾತಕ್ಕೆ ಸುರಿದುಕೊಂಡು, ಛತ್ರಿಯನ್ನು ಕಂಕುಳಲ್ಲಿ ಸಿಕ್ಕಿಸಿ, ಬೀದಿಯ ಈ ತುದಿಯಿಂದ ಆ ತುದಿಗೆ ನಡೆದಳು. ಸೂಪಿನ ಮಾವ ಹಂಡೆ ತೊಳೆಯುತ್ತಿದ್ದ. ಪರಾತವನ್ನು ಅವನ ಮುಂದೆ ಕುಕ್ಕಿದಳು.

“ನೋಡಿ ಮಾವ. ಇದು ನಿಮ್ಮ ಧರ್ಮ.”

“ಏನಮ್ಮಾ ಇದು?”

“ನೀವು ಮಾಡಿದ ಪುಣ್ಯ ನಿಮಗಾಯ್ತು. ಅದರ ಪಾಪ ನಮ್ಮ ದೊಡ್ಡಮ್ಮ ತೊಳೀತಿದ್ದಾಳೆ. ಅವಳು ಒಲೆ ಆರಿಸ್ತಿದ್ದಾಳೆ ಮಾವ.”

ಮಾವ ಒದ್ದೆ ಕೈ ಒರೆಸಿಕೊಂಡ. ಹಸಿದು ಬಂದವರ ಮುಂದೆ ಸೌಟು ಅರ್ಧಕ್ಕೆ ನಿಲ್ಲಿಸಲು ನನ್ನ ಕೈಗೇ ಬರುವುದಿಲ್ಲ, ಎಷ್ಟೋ ಸಲ ಮನಸ್ಸು ಮಾಡಿದ್ದೇನೆ, ಕೈ ಕೇಳುವುದಿಲ್ಲ ಎಂದು ನೆಲ ನೋಡುತ್ತ ಹೇಳಿದ. ಕೈಗೆ ಬುದ್ಧಿ ಹೇಳಿ ಎಂದು ಛತ್ರಿಯಕ್ಕ ತಿರುಗಿ ಬಂದುಬಿಟ್ಟಳು. ಅರ್ಧ ದಾರಿಯಲ್ಲಿ ಛತ್ರಿ ಅಲ್ಲೇ ಬಿಟ್ಟದ್ದು ನೆನಪಾಯಿತು. ತರಲು ಹೋದರೆ ಬೈಗುಳದ ಬೆಲೆ ಇಳಿಯುತ್ತದೆಂದು ಹೋಗಲಿಲ್ಲ.

ದೊಡ್ಡಮ್ಮ ಕಿಟಕಿಯ ಬಳಿ ಕೂತಿದ್ದಳು. ಅದೇ ಹಳೆಯ ಕೂರುವಿಕೆ. ಛತ್ರಿಯಕ್ಕ ಮಾತಾಡಿಸಿದಳು, ಹ್ಞೂಂ ಬಂತು. ಒಲೆಯೊಳಗೆ ಅಲ್ಲೊಂದು ಇಲ್ಲೊಂದು ಕೆಂಡ ಬೂದಿ ಹೊದ್ದು ಮಿಣುಕುತ್ತಿತ್ತು.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಬಾಗಿಲಲ್ಲಿ ನೆರಳು ಬಿತ್ತು. ಸೂಪಿನ ಮಾವ. ಒಂದು ಕೈಯಲ್ಲಿ ಕೆಂಪು ಛತ್ರಿ, ಇನ್ನೊಂದರಲ್ಲಿ ಪರಾತ. ಬೀದಿಯ ಆ ತುದಿ ಬಿಟ್ಟು ಅವನು ಈ ಕಡೆ ಬಂದು ಎಷ್ಟು ವರ್ಷವಾಗಿತ್ತೋ, ಕಂಚಿನ ಕುದುರೆಯನ್ನು ಹೊಸಬನ ಹಾಗೆ ನೋಡಿದ.

“ಅಕ್ಕಾ,” ಅಂದ ದೊಡ್ಡಮ್ಮನಿಗೆ. “ಬೆಳಿಗ್ಗೆಯಿಂದ ಬಡಿಸಿದ್ದೇ ಆಯ್ತು, ನಾನು ಏನೂ ತಿಂದಿಲ್ಲ. ಹಸಿವಾಗ್ತಿದೆ.”

ದೊಡ್ಡಮ್ಮ ಅವನ ಮುಖ ನೋಡಿದಳು. ಹಸಿವನ್ನು ಗುರುತಿಸಲು ಅವಳಿಗೆ ಕನ್ನಡಕ ಬೇಕಿರಲಿಲ್ಲ. ಎದ್ದು ಸಲಿಕೆ ತೆಗೆದುಕೊಂಡು, ಚದುರಿದ ಕೆಂಡಗಳನ್ನು ಒಂದೊಂದಾಗಿ ಮಧ್ಯಕ್ಕೆ ಎಳೆದು ಗುಡ್ಡೆ ಮಾಡಿ ಊದಿದಳು. ಪರಾತದ ಬನ್ನುಗಳಲ್ಲಿ ಮೂರನ್ನು ಒಳಗಿಟ್ಟು ಬಿಸಿ ಮಾಡಿ ತಟ್ಟೆಗೆ ಹಾಕಿದಳು. ಮಾವ ಮೆಟ್ಟಿಲ ಮೇಲೆ ಕೂತು ತಿಂದ. ಹೊಗಳುತ್ತ ಕೂರಲಿಲ್ಲ. ಕೆಲಸ ಮಾಡಿ ದಣಿದವನು ತಿನ್ನುವ ಹಾಗೆ ತಿಂದ. ಅಂಜೂರದ ಬೀಜ ತಟ್ಟೆಯ ಅಂಚಿಗೆ ಅಂಟಿಕೊಂಡಿತ್ತು. ಬೆರಳು ಒದ್ದೆ ಮಾಡಿ ಅದನ್ನೂ ತೆಗೆದ.

ಮುಂದಿನ ವಾರ ಸೌಟು ಎಲ್ಲಿಗೆ ನಿಲ್ಲುತ್ತದೆಂದು ಅವನು ಹೇಳಲಿಲ್ಲ, ಛತ್ರಿಯಕ್ಕ ಕೇಳಲೂ ಇಲ್ಲ. ಅವನು ಎದ್ದು ಬಂದು, ಎರಡೂ ಕೈಯಲ್ಲಿ ಹಿಡಿದು, ಖಾಲಿ ತಟ್ಟೆಯನ್ನು ದೊಡ್ಡಮ್ಮನ ಕೈಗೆ ಕೊಟ್ಟ.